ಬೀರು ತುಂಬ ಗುಂಡು

ಪ್ರಪಂಚದಲ್ಲಿ ಇರುವುದು ಎರಡೇ ಜಾತಿ: ಕೂಡಿಡುವವರು, ಕೂಡಿಡುವವರನ್ನು ಬೈಯುವವರು. ನಮ್ಮ ಮನೆಯ ವಿಶೇಷವೆಂದರೆ ಗಂಡ ಹೆಂಡತಿ ಇಬ್ಬರೂ ಎರಡೂ ಜಾತಿಗೆ ಸೇರಿದವರು. ಎಂಬತ್ತರ ದಶಕದ ಕೊನೆಯಲ್ಲಿ ನಾವು ಸಿಡ್ನಿಗೆ ಬಂದಾಗ ಒಳ್ಳೆಯ ತೊಗರಿಬೇಳೆ ಸಿಗುವ ಅಂಗಡಿಗಳು ಒಂದೋ ಎರಡೋ ಇದ್ದವು. ಹ್ಯಾರಿಸ್ ಪಾರ್ಕ್ ಬಡಾವಣೆಯ ಅಂಗಡಿಗೆ ಬೇಳೆ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ನನ್ನ ಹೆಂಡತಿ ವಸುಧಾ ನನ್ನ ಹೆಗಲಿಗೆ ಮೂಟೆಯನ್ನೇ ಹೊರಿಸಿಕೊಂಡು ಬರುತ್ತಿದ್ದಳು. "ಮುಂದಿನ ಸಲಾನೂ ಇದೇ ಬೇಳೆ ಬರತ್ತೆ ಅಂತ ಏನ್ರೀ ಗ್ಯಾರಂಟಿ? ಒಂದೊಂದು ಎಷ್ಟು ಕುದಿಸಿದ್ರೂ ಬೇಯೋದೇ ಇಲ್ಲ" ಎಂಬುದು ಅವಳ ವಾದ. ವಾದದಲ್ಲಿ ಹುರುಳಿತ್ತು. ಹಾಗಾಗಿಯೇ ಅದನ್ನು ಎತ್ತಿಕೊಂಡು ನನ್ನ ಗುಂಡಿಗೂ ಅನ್ವಯಿಸಿಕೊಂಡೆ.

ಗುಂಡು ಎಂದರೆ ರೈಫಲ್ಲಿನ ಗುಂಡು. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಬ್ರೂಸ್ ಒಂದು ಶನಿವಾರ ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದ. ಚಾಪೆಯ ಮೇಲೆ ಬೋರಲು ಮಲಗಿ, ದೂರದಲ್ಲಿ ನಿಲ್ಲಿಸಿದ ಕಾಗದದ ನಡುಮಧ್ಯಕ್ಕೆ ತೂತು ಮಾಡುವ ಆಟ. ಯಾವ ಪ್ರಾಣಿಗೂ ನೋವಿಲ್ಲ, ನಾವು ಓಡಬೇಕಿಲ್ಲ, ಹಾರಬೇಕಿಲ್ಲ. ಮಲಗಿದವನನ್ನು 'ಸ್ಪೋರ್ಟ್ಸ್‌ಮನ್' ಎಂದು ಕರೆಯುವ ಆಟ ಇನ್ನೊಂದು ಇದ್ದರೆ ತೋರಿಸಿ. ಚಿಕ್ಕಂದಿನಿಂದ ನಾನು ಹುಡುಕುತ್ತಿದ್ದ ಆಟ ಇದೇ ಎನ್ನಿಸಿತು. ಲೈಸೆನ್ಸ್ ಮಾಡಿಸಿದೆ, ರೈಫಲ್ ಕೊಂಡೆ, ಅದಕ್ಕೊಂದು, ಗುಂಡಿಗೊಂದು ಎಂದು ಬೀಗವಿರುವ ಎರಡು ಉಕ್ಕಿನ ಬೀರುಗಳನ್ನು ಗ್ಯಾರೇಜಿನ ಗೋಡೆಗೆ ಕೂರಿಸಿದೆ.

ಆಗ ಬ್ರೂಸ್ ನನ್ನ ಕಿವಿಯಲ್ಲಿ ಒಂದು ಗುಟ್ಟು ಊದಿದ. ಒಂದೊಂದು ರೈಫಲ್ಲಿಗೆ ಒಂದೊಂದು ಬ್ಯಾಚಿನ ಗುಂಡೇ ಒಗ್ಗುತ್ತದೆ. ಒಗ್ಗಿದ್ದು ಸಿಕ್ಕಿದಾಗ ಇದ್ದಷ್ಟನ್ನೂ ಬಾಚಿಕೊಂಡುಬಿಡಬೇಕು, ಮುಂದಿನ ಬ್ಯಾಚು ಹೇಗೋ ಏನೋ. ಇದು ನಮ್ಮ ತೊಗರಿಬೇಳೆಯ ನ್ಯಾಯವೇ ಅಲ್ಲವೇ! ನಾನು ಬಾಚಿದೆ. ಮೂಟೆ ಅಕ್ಕಿಗೆಂದು ವಸುಧಾ ಕಣ್ಣಿಟ್ಟಿದ್ದ ಗ್ಯಾರೇಜಿನ ಮೂಲೆ ನನ್ನ ಪಾಲಾಯಿತು.

ಅವಳು ತವರಿಗೆ ದೂರು ಕೊಟ್ಟಳು. ಆಗೆಲ್ಲ ಮೈಸೂರಿಗೆ ಫೋನ್ ಮಾಡುವುದೆಂದರೆ ಗಡಿಯಾರ ನೋಡಿಕೊಂಡು ಕಿರುಚುವುದು. ವಾಕ್ಯದಲ್ಲಿ ಕರ್ತೃ ಇದ್ದರೆ ಕರ್ಮ ಇರುತ್ತಿರಲಿಲ್ಲ. "ಇವರ ಗುಂಡಿನ ಹುಚ್ಚು ಜಾಸ್ತಿ ಆಗ್ಹೋಗಿದೆ ಅಮ್ಮಾ! ಗ್ಯಾರೇಜಿಗೆ ಹೋದ್ರೆ ಬೀರು! ಬೀರು ತುಂಬ ಗುಂಡು! ಶನಿವಾರ ಬಂದ್ರೆ ಕ್ಲಬ್ಬು!" ಎಂದಳು. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದನ್ನು ನೀವು ಗಮನಿಸಬೇಕು.

ಅತ್ತೆ ವೀಸಾ ಮಾಡಿಸಿಕೊಂಡು ಬಂದೇಬಿಟ್ಟರು. ಬಂದ ಮರುದಿನದಿಂದಲೇ ಬೆಳಗಿನ ಕಾಫಿಯ ಜವಾಬ್ದಾರಿ ವಹಿಸಿಕೊಂಡರು. ಕಾಫಿ ಕೊಂಚ ಕಹಿ ಇರುತ್ತಿತ್ತು. ಮೈಸೂರಿನ ಪುಡಿ, ಚಿಕೋರಿ ಜಾಸ್ತಿ ಇರಬೇಕು ಎಂದುಕೊಂಡೆ. ನನ್ನ ತಲೆಯಲ್ಲಿದ್ದುದು ಬೇರೆಯದೇ ಚಿಂತೆ. ಮೆಲ್ಬರ್ನಿನಲ್ಲಿ ನಡೆಯುವ ಪಂದ್ಯಕ್ಕೆ ನಮ್ಮ ಕ್ಲಬ್ಬಿನ ತಂಡ ಹೊರಟಿತ್ತು. ಉಳಿದಿದ್ದ ಒಂದೇ ಜಾಗಕ್ಕೆ ನಾನೋ ಬ್ರೂಸೋ ಎಂಬ ಪೈಪೋಟಿ. ನಾನೇ ಎಂದು ಸಿಡ್ನಿಯ ಕನ್ನಡಿಗರಿಗೆಲ್ಲ ಮೊದಲೇ ಸಾರಿಬಿಟ್ಟಿದ್ದೆ. ಆದರೆ ಶನಿವಾರ ಬಂತೆಂದರೆ ಹೊಟ್ಟೆ ತೊಳೆಸುತ್ತಿತ್ತು, ಕೈ ನಡುಗುತ್ತಿತ್ತು, ಗುಂಡು ಕಾಗದದ ಅಂಚು ಹಿಡಿಯುತ್ತಿತ್ತು. ತಪ್ಪು ಬ್ಯಾಚಿನದೇ ಎಂಬುದರಲ್ಲಿ ನನಗೆ ಲವಲೇಶವೂ ಅನುಮಾನವಿರಲಿಲ್ಲ. ಬೇರೆ ಬ್ಯಾಚು ತಂದೆ. ಅದೂ ಕೈಕೊಟ್ಟಿತು, ಇನ್ನೊಂದು ತಂದೆ. ಮಂಡಿಯಿಂದ ಒತ್ತಿ ಹಿಡಿಯದಿದ್ದರೆ ಬೀರುವಿನ ಬಾಗಿಲು ಮುಚ್ಚುತ್ತಿರಲಿಲ್ಲ. ಮೊದಲಿನ ಬ್ಯಾಚಿನ ಒಂದಿಷ್ಟು ಡಬ್ಬಿಗಳನ್ನು ಧಾರಾಳವಾಗಿ ಬ್ರೂಸನಿಗೆ ದಾನ ಮಾಡಿದೆ.

ಒಂದು ಭಾನುವಾರ ಪೂಜೆ ಮುಗಿಸಿದ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಈ ಗುಂಡು ದಿನಾಲೂನಾ?"

"ಛೆ ಛೆ, ಶನಿವಾರ ಮಾತ್ರ ಅತ್ತೆ."

"ಶನಿವಾರಾನೇ!" ಅತ್ತೆ ಶನಿವಾರ ಒಪ್ಪತ್ತು ಮಾಡುವವರು. "ಒಂದು ಸಲಕ್ಕೆ ಎಷ್ಟು?"

"ಪಂದ್ಯ ಇದ್ರೆ ಅರವತ್ತು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಪಂದ್ಯ ಬೇರೆ ಕಟ್ತೀರಾ! ಆಮೇಲೆ ನಿಂತ್ಕೊಳ್ಳೋಕೆ ಆಗತ್ತಾ?"

"ನಿಂತ್ಕೊಳ್ಳೋದ್ಯಾಕೆ? ಮಲಗಿಕೊಂಡೇ ಅಲ್ವಾ? ಎಲ್ಲರೂ ಸಾಲಾಗಿ ಮಲಗಿರ್ತೀವಿ. ಒಬ್ರು ಜಡ್ಜು, ಒಬ್ರು ಪಾದ್ರಿ, ದೊಡ್ಡ ದೊಡ್ಡೋರೇ. ಹೆಂಗಸರೂ ಇದಾರೆ."

"ಶಿವ ಶಿವಾ! ಕೈ ನಡುಗಲ್ವಾ?"

"ಮೊದಲು ಇರಲಿಲ್ಲ ಅತ್ತೆ. ನೀವು ಬಂದ್ಮೇಲೆ ಶುರುವಾಗಿದೆ. ಹೊಟ್ಟೇನೂ ತೊಳೆಸತ್ತೆ."

ಅತ್ತೆಯ ಮುಖ ಅರಳಿತು. "ಹಾಗಾದ್ರೆ ಹಿಡೀತಾ ಇದೆ" ಎಂದು ತಮ್ಮಲ್ಲೇ ಹೇಳಿಕೊಂಡು ಎದ್ದರು. "ನಡೀರಿ, ಆ ಬೀರು ತೋರಿಸಿ. ಎಲ್ಲಾ ಮೋರಿಗೆ ಸುರಿದುಬಿಡೋಣ."

ಸಿಡ್ನಿಯ ಮೋರಿಗೆ ಗುಂಡು ಸುರಿಯುವುದು ಹೇಗೆಂದು ಅರ್ಥವಾಗದಿದ್ದರೂ, ನನ್ನ ಭಂಡಾರವನ್ನು ಅದುವರೆಗೆ ಯಾರೂ ಕೇಳಿ ನೋಡಿರಲಿಲ್ಲವಾದ್ದರಿಂದ ಹೆಮ್ಮೆಯಿಂದಲೇ ಬೀಗ ತೆಗೆದೆ. ಅತ್ತೆ ಒಂದು ಡಬ್ಬಿ ಎತ್ತಿ ಅಲ್ಲಾಡಿಸಿದರು. ತೆರೆದು ನೋಡಿದರು. ಬೀರುವಿನ ಹಿಂದೆ ಕೈ ಹಾಕಿ ತಡಕಿದರು.

"ಬಾಟ್ಲಿ ಎಲ್ಲಿ?"

"ಯಾವ ಬಾಟ್ಲಿ ಅತ್ತೆ?"

ಅವರು ಡಬ್ಬಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಒಳಗಿದ್ದ ಮಗಳನ್ನು ಕೂಗಿದರು. "ವಸೂ, ಬರೀ ಬಂದೂಕಿನ ಗುಂಡು ಕಣೇ! ಫೋನಲ್ಲಿ ಹಾಗಂತ ಬಾಯಿಬಿಟ್ಟು ಹೇಳಬಾರದಾ? ಕುಡೀತಾರೆ ಅಂದ್ಕೊಂಡು ಪಂಡಿತರ ಹತ್ರ ಪುಡಿ ಮಾಡಿಸ್ಕೊಂಡು ಬಂದು ದಿನಾ ಕಾಫಿಗೆ ಹಾಕ್ತಿದ್ದೀನಲ್ಲೇ! ಏರ್‌ಪೋರ್ಟಲ್ಲಿ ಚಟ್ನಿಪುಡಿ ಅಂತ ಸುಳ್ಳು ಬೇರೆ ಹೇಳ್ದೆ!"

ಸಣ್ಣ ಯುದ್ಧಕ್ಕೆ ಸಾಲುವಷ್ಟು ಸರಕಿನ ಮುಂದೆ ನಿಂತು ಅತ್ತೆ ಆನಂದದಿಂದ ಕಣ್ಣೊರೆಸಿಕೊಂಡರು. ಗುಂಡು ನನ್ನದು, ಮದ್ದು ಅವರದು. ಎರಡೂ ಸೇರಿ ನಮ್ಮ ಮನೆಯಲ್ಲಿ ನಿಜವಾದ ಮದ್ದುಗುಂಡು ತಯಾರಾಗಿತ್ತು. ನನಗೆ ಕೋಪ ಬರಲಿಲ್ಲ, ಖುಷಿಯೇ ಆಯಿತು. ಕೈ ನಡುಗಿದ್ದಕ್ಕೆ ಕಾರಣ ಸಿಕ್ಕಿತಲ್ಲ! ಪುಡಿ ನಿಂತಿತು, ಹೊಟ್ಟೆ ಸರಿಹೋಯಿತು, ಮೆಲ್ಬರ್ನಿಗೆ ಸೂಟ್‌ಕೇಸ್ ತುಂಬಿಸಿಟ್ಟೆ. ಆಯ್ಕೆಯ ಶನಿವಾರ ಬಂಡೆಯಂತೆ ಮಲಗಿ, ಕೈ ಒಂದಿಷ್ಟೂ ಅಲುಗದಂತೆ ಅರವತ್ತನ್ನೂ ಹೊಡೆದೆ. ಗುಂಡುಗಳು ಶಿಸ್ತಾಗಿ ಕಾಗದದ ಅಂಚನ್ನೇ ಹಿಡಿದವು. ಮೆಲ್ಬರ್ನಿಗೆ ಬ್ರೂಸ್ ಹೋದ, ನಾನು ದಾನ ಮಾಡಿದ ಡಬ್ಬಿಗಳನ್ನೇ ತೆಗೆದುಕೊಂಡು.

ಊರಿಗೆ ಹೊರಡುವಾಗ ಅತ್ತೆ ಉಳಿದ ಪುಡಿಯನ್ನು ಎಸೆಯಲು ಹೋದರು. ವಸುಧಾ ತಡೆದು, ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ತೊಗರಿಬೇಳೆಯ ಪಕ್ಕದಲ್ಲಿ ಇಟ್ಟಳು. ಕುಡಿಯದವನ ಮನೆಯಲ್ಲಿ ಇದೇಕೆ ಎಂದು ಕೇಳಿದೆ.

"ಇರ್ಲಿ ಬಿಡಿ, ಇದೇ ಬ್ಯಾಚು ಮತ್ತೆ ಸಿಗತ್ತೋ ಇಲ್ವೋ. ಗುಂಡು ಬಿಡಿಸೋ ಪುಡಿ ಅಂತ ತಾನೇ ಪಂಡಿತರು ಕೊಟ್ಟಿದ್ದು? ಯಾವ ಗುಂಡು ಅಂತ ಹೇಳಿಲ್ವಲ್ಲ" ಎಂದಳು.

ಅಂದಿನಿಂದ ನಮ್ಮ ಮನೆಯ ಕಾಫಿ ನಾನೇ ಮಾಡುತ್ತೇನೆ.