ಎರಡನೇ ತರಗತಿಯಲ್ಲಿ ನನ್ನದೇ ದನಿ

ಕನ್ನಡ ಓದು ಕಲಿಸುವುದರಲ್ಲಿ ಲಿಂಗಸುಗೂರು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಹೆಂಡತಿ ರೇಣುಕಾಗೆ ಈ ನಂಬಿಕೆ ಇರಲಿಲ್ಲ. ಆದರೆ ಆಕೆ ನನ್ನ ವಿದ್ಯಾರ್ಥಿಯೂ ಆಗಿರಲಿಲ್ಲ. ಗುರುಗುಂಟಾ ಕಡೆಯ ಶಾಲೆಯಿಂದ ಸಿಂಧನೂರು ಕಡೆಗೆ ವರ್ಗವಾದಾಗ, ಅಲ್ಲಿಯ ಮಕ್ಕಳ ಪುಣ್ಯ ದೊಡ್ಡದು ಅಂದುಕೊಂಡೇ ಬಸ್ಸು ಹತ್ತಿದೆ.

ಶಾಲೆ ಕಾಲುವೆಯ ದಂಡೆಗೆ ಇತ್ತು. ಸುತ್ತ ಭತ್ತದ ಗದ್ದೆ. ಚಳಿಗಾಲದ ಬೆಳಿಗ್ಗೆ ಮಂಜು ಕಾಲುವೆಯಿಂದ ಎದ್ದು ಕಾಂಪೌಂಡಿನೊಳಗೆ ಬಂದರೆ ಧ್ವಜಸ್ತಂಭದ ತುದಿ ಮಾತ್ರ ಕಾಣುತ್ತಿತ್ತು. ಆ ಮಂಜಿನೊಳಗಿಂದ ಮಕ್ಕಳು ಸದ್ದಿಲ್ಲದೆ ಒಬ್ಬೊಬ್ಬರಾಗಿ ಮೂಡಿ ಬರುತ್ತಿದ್ದರು. ಅರ್ಧಕ್ಕರ್ಧ ಪಕ್ಕದ ನಿರಾಶ್ರಿತರ ಕ್ಯಾಂಪಿನ ಬಂಗಾಳಿ ಮನೆಯವರು. ಉಳಿದಂತೆ ಭತ್ತದ ಬೇಸಾಯಕ್ಕೆ ಬಂದು ನೆಲೆಸಿದ ತೆಲುಗರ ಮಕ್ಕಳು, ದಖನಿ ಉರ್ದು ಮಾತಾಡುವ ಮುಸ್ಲಿಮರ ಮಕ್ಕಳು. ಮನೆಯಲ್ಲಿ ಕನ್ನಡ ಆಡುವವರು ಎಲ್ಲೋ ಒಬ್ಬಿಬ್ಬರು. ಇದನ್ನೆಲ್ಲ ಮೇಲಿನ ತರಗತಿಗಳ ಶಹನಾಜ್ ಟೀಚರ್ ಮೊದಲ ದಿನವೇ ವಿವರವಾಗಿ ಹೇಳಿದರು. ನಾನು ಕೇಳಿಸಿಕೊಂಡೆ, ಅಂದರೆ ಕಿವಿಗೆ ಬಿತ್ತು.

ನನಗೆ ಕೊಟ್ಟದ್ದು ಎರಡನೇ ತರಗತಿ. ಒಳಗೆ ಕಾಲಿಟ್ಟರೆ ಒಂದು ಪಿಸುಮಾತೂ ಇಲ್ಲ. ಎಲ್ಲರ ನೋಟ ನನ್ನ ಬಾಯಿಯ ಮೇಲೆ. ಕಣ್ಣಿನ ಮೇಲಲ್ಲ, ಬಾಯಿಯ ಮೇಲೆ. ಬೋರ್ಡಿನ ಕಡೆ ತಿರುಗಿದರೆ ಬೆನ್ನಿಗೆ ತಣ್ಣಗೆ ಏನೋ ತಾಗಿದಂತೆ ಆಗುತ್ತಿತ್ತು. ಇದಕ್ಕೆ ನಾನು ಶಿಸ್ತು ಎಂದು ಹೆಸರಿಟ್ಟೆ.

ನನ್ನ ವಿಧಾನ ಸರಳ. ನಾನು ಒಂದು ಸಾಲು ಓದುವುದು, ಅವರು ಅದನ್ನೇ ಹೇಳುವುದು. ಭತ್ತದ ಒಕ್ಕಣೆಯ ಧೂಳಿಗೆ ನನಗೆ ಕೆಮ್ಮು ಹತ್ತಿಕೊಂಡಿತ್ತಾದರೂ ಪಾಠ ನಿಲ್ಲಿಸಲಿಲ್ಲ. ಕೆಲವೇ ವಾರಗಳಲ್ಲಿ ತರಗತಿ ಕೆರೆಯ ಪಾಠವನ್ನು ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸತೊಡಗಿತು.

ಒಂದು ಮಧ್ಯಾಹ್ನ ಊಟದ ನಂತರ ನಲ್ಲಿಯಲ್ಲಿ ಕೈ ತೊಳೆದು ಬರುತ್ತಿದ್ದೆ. ನನ್ನ ತರಗತಿಯೊಳಗೆ ಯಾರೋ ಪಾಠ ಹೇಳುತ್ತಿದ್ದರು. ಕಿವಿಗೊಟ್ಟೆ. ಹೇಳುತ್ತಿದ್ದವನು ನಾನು. ಅದೇ ಎಳೆತ, ಅದೇ ಏರಿಳಿತ, ಸಾಲಿನ ನಡುವೆ ಅದೇ ಕೆಮ್ಮು. ಕೈಯ ನೀರು ಒರೆಸಿಕೊಳ್ಳುವುದನ್ನೂ ಮರೆತು ಕಿಟಕಿಯಿಂದ ಇಣುಕಿದೆ. ಮಕ್ಕಳು ಸಾಲಾಗಿ ಕೂತಿದ್ದರು. ಪುಸ್ತಕಗಳು ಮುಚ್ಚಿದ್ದವು, ಕಣ್ಣುಗಳೂ ಮುಚ್ಚಿದ್ದವು. ತುಟಿಗಳು ಮಾತ್ರ ಒಟ್ಟಿಗೆ ಅಲುಗುತ್ತಿದ್ದವು. ನಾನು ಸತ್ತ ಮೇಲೂ ಈ ಕೋಣೆಯಲ್ಲಿ ಪಾಠ ನಡೆಯುತ್ತಿರುತ್ತದೆ ಎಂಬ ಯೋಚನೆ ಬಂದು ಮೈಯೆಲ್ಲ ಜುಮ್ಮೆಂದಿತು.

ಶಹನಾಜ್ ಟೀಚರಿಗೆ ಹೇಳಿದೆ. ಅವರು ನಗಲಿಲ್ಲ. "ಸರ್, ಅವು ಓದಾಕತ್ತಿಲ್ರೀ. ನಿಮ್ಮ ಆವಾಜ್ ಹೇಳಾಕತ್ಯಾವ" ಅಂದರು.

ಇದು ಹೊಟ್ಟೆಕಿಚ್ಚು ಎಂದು ನಾನು ತೀರ್ಮಾನಿಸಿದೆ. ಅಷ್ಟೇ ಅಲ್ಲ, ನಮ್ಮ ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಮೇಡಂಗೆ ಫೋನು ಮಾಡಿ, ಮಾದರಿ ತರಗತಿ ಎಂದರೇನು ಅಂತ ನೋಡಬೇಕಿದ್ದರೆ ಬನ್ನಿ, ಉಳಿದ ಶಾಲೆಗಳ ಶಿಕ್ಷಕರನ್ನೂ ಕರೆತನ್ನಿ ಎಂದು ಆಹ್ವಾನ ಕೊಟ್ಟೆ. ಹಳ್ಳವನ್ನು ನಾನೇ ತೋಡಿ, ಬೀಳುವುದನ್ನು ನೋಡಲು ಜನರನ್ನೂ ನಾನೇ ಕರೆದಂತಾಯಿತು.

ಅವರು ಬಂದ ದಿನ ಹೊತ್ತೇರಿದರೂ ಮಂಜು ಕರಗಿರಲಿಲ್ಲ. ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು, ಶಿಕ್ಷಕರು ಗೋಡೆಗೆ ಒರಗಿ ನಿಂತರು. ನಾನು ಕೈ ಎತ್ತಿದೆ. ತರಗತಿ ಒಂದೇ ಗಂಟಲಲ್ಲಿ ಶುರುಮಾಡಿತು.

"ಊರ ಮುಂದೆ ಒಂದು ಕೆರೆ ಇತ್ತು," ಆಮೇಲೆ ಒಂದು ಕೆಮ್ಮು, "ಏ ಹಿಂದ ಕುಂತಾಕಿ, ಇತ್ತ ನೋಡು, ಕೆರೆಯ ದಂಡೆಯಲ್ಲಿ ಆಲದ ಮರ ಇತ್ತು."

ಹಿಂದೆ ಕೂತಿದ್ದ ಮೇಡಂ ಬೆಚ್ಚಿ ಇತ್ತ ನೋಡಿದರು.

ಮುಂದಿನ ಪುಟ ಓದಿಸಲು ಹೇಳಿದರು. ಮಕ್ಕಳು ಒಟ್ಟಿಗೆ ಹಾಳೆ ತಿರುವಿ ಮತ್ತೆ ಅದೇ ಕೆರೆಯಿಂದ ಶುರುಮಾಡಿದರು. ಮೇಡಂ ಎದ್ದು ಬಂದು ಮೊದಲ ಸಾಲಿನ ಮಿತಾಲಿ ಎಂಬ ಬಂಗಾಳಿ ಹುಡುಗಿಯ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. ದನಿ ನಿಲ್ಲಲಿಲ್ಲ. ಆಲದ ಮರ ಮುಗಿದ ಮೇಲೆ ಅವರು ಬಗ್ಗಿ, "ಕೆರೆ ಅಂದ್ರ ಏನಮ್ಮ?" ಎಂದು ಕೇಳಿದರು.

"ಕೆರೆ ಅಂದ್ರ ಏನಮ್ಮ?" ಅಂದಿತು ಇಡೀ ಕೋಣೆ. ಈ ಸಲ ಮೇಡಂ ದನಿಯಲ್ಲಿ. ಅರ್ಥ ಗೊತ್ತಿದ್ದ ಒಬ್ಬಿಬ್ಬರೂ ಗುಂಪಿನೊಡನೆ ಸೇರಿಕೊಂಡಿದ್ದರು.

ಗೋಡೆಗೆ ಒರಗಿದ್ದ ಶಿಕ್ಷಕರಲ್ಲಿ ಒಬ್ಬರು ಸದ್ದಿಲ್ಲದೆ ವರಾಂಡಕ್ಕೆ ಸರಿದರು. ನಾನು ಸಾಕು ಎಂದೆ. ಕೋಣೆ ಸಾಕು ಎಂದಿತು. ಸುಮ್ಮನಿರಿ ಎಂದೆ. ಸುಮ್ಮನಿರಿ ಎಂದಿತು. ಇನ್ನು ತುಟಿ ಬಿಚ್ಚಬಾರದೆಂದು ಹಲ್ಲು ಕಚ್ಚಿ ನಿಂತೆ. ಆಗಲೇ ಕೆಮ್ಮು ಬಂತು. ಕೋಣೆ ಕೆಮ್ಮಿತು.

"ಸರ್, ಒಂದ್ ನಿಮಿಷ ಹೊರಗ ಬರ್ರಿ" ಎಂದರು ಮೇಡಂ. ಮಕ್ಕಳೂ ಅದನ್ನೇ ಹೇಳಿದರು. ಹೀಗೆ ನನ್ನದೇ ತರಗತಿ ನನ್ನನ್ನು ಒಕ್ಕೊರಲಿನಿಂದ ಹೊರಗೆ ಕರೆಯಿತು.

ವರಾಂಡದಲ್ಲಿ ಮೇಡಂ ಬೈಯಲಿಲ್ಲ. ಅರ್ಥವಾಗದ ಓದಿನೊಂದಿಗೆ ಮೇಲಿನ ತರಗತಿಗೆ ಹೋದ ಮಕ್ಕಳು ಎರಡು ವರ್ಷದಲ್ಲಿ ಶಾಲೆ ಬಿಟ್ಟು ನಾಟಿ ಕೆಲಸಕ್ಕೆ ಇಳಿಯುವುದನ್ನು ತಾವು ನೋಡಿದ್ದಾಗಿ ಹೇಳಿ, "ಈ ಕೂಸುಗಳು ಮುಂದ ಏನ್ ಮಾಡ್ಬೇಕ್ರೀ?" ಎಂದು ಕೇಳಿ ಹೊರಟರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಎಲ್ಲರೂ ಹೋದ ಮೇಲೆ ಶಹನಾಜ್ ಟೀಚರ್ ಮಿತಾಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದಖನಿಯಲ್ಲಿ ಮಾತಾಡಿಸಿದರು. ಆಟದ ಗೆಳತಿಯರಿಂದ ಅವಳಿಗೆ ಅಷ್ಟಿಷ್ಟು ದಖನಿ ಬರುತ್ತಿತ್ತು. ಅವಳು ಪುಸ್ತಕ ತೆರೆದು, ಇತ್ತು ಎಂಬ ಪದದ ಮುಂದಿನ ಅಲ್ಪವಿರಾಮದ ಮೇಲೆ ಬೆರಳಿಟ್ಟು ಏನೋ ಕೇಳಿದಳು.

"ಸರ್ ಕೆಮ್ಮೋ ಅಕ್ಷರ ಇದಾ ಅಂತ ಕೇಳಾಕತ್ತಾಳ್ರೀ" ಎಂದರು ಟೀಚರ್.

ನನಗೆ ನಗು ಬರಲಿಲ್ಲ. ಅವಳ ದನಿ ಸಣ್ಣದು, ತುಸು ಒಡಕು. ಇಷ್ಟು ದಿನಗಳಲ್ಲಿ ಅದನ್ನು ನಾನು ಕೇಳಿದ್ದು ಅಂದೇ ಮೊದಲು.

ಮರುದಿನ ಪುಸ್ತಕ ಮುಚ್ಚಿಟ್ಟೆ. ಒಂದು ಲೋಟ ನೀರು ಹಿಡಿದು ನಿಂತು, ಇದಕ್ಕೆ ಮನೆಯಲ್ಲಿ ಏನನ್ನುತ್ತೀರಿ ಎಂದು ಶಹನಾಜ್ ಟೀಚರಿಂದ ಕೇಳಿಸಿದೆ. ಒಂದು ಮೂಲೆಯಿಂದ ಜೋಲ್ ಎಂದು ಬಂತು, ಕಿಟಕಿಯ ಕಡೆಯಿಂದ ನೀಳ್ಳು, ಬಾಗಿಲ ಬಳಿಯಿಂದ ಪಾನಿ. ಒಬ್ಬೊಬ್ಬರದು ಒಂದೊಂದು ದನಿ. ನಾನು ನೀರು ಎಂದು ಬರೆದು ತೋರಿಸಿದೆ.

ವರ್ಷದ ಕೊನೆಗೆ ನನ್ನ ಮಾದರಿ ತರಗತಿ ಮುಗ್ಗರಿಸಿ ಮುಗ್ಗರಿಸಿ ಓದುತ್ತಿತ್ತು. ಮಿತಾಲಿ 'ಕೆ', 'ರೆ' ಎಂದು ಕೂಡಿಸಿ ಓದಿ, ಸ್ವಲ್ಪ ಯೋಚಿಸಿ, ತನ್ನ ಮಾತಿನಲ್ಲಿ ಪುಕುರ್ ಅಂದಳು. ನಾನು ಪುಕ್ಕರ್ ಅಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಊಟದ ನಂತರ ನನಗೆ ಬಂಗಾಳಿ ಪಾಠ, ಅವಳೇ ಶಿಕ್ಷಕಿ.

ಮೇಡಂ ಮತ್ತೆ ಬಂದಾಗ ಅವಳನ್ನೇ ಕರೆದು, ನಿಮ್ಮ ಸರ್ ಬಂಗಾಳಿ ಹೇಗೆ ಕಲಿಯುತ್ತಿದ್ದಾರೆ ಎಂದು ಕೇಳಿದರು. ಮಿತಾಲಿ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿದಳು. ಆಮೇಲೆ ಸ್ವಚ್ಛ ಕನ್ನಡದಲ್ಲಿ ಹೇಳಿದಳು:

"ಸರ್ ಬರೇ ಬಾಯಿಪಾಠ ಮಾಡ್ತಾರ್ರೀ."

ಮೇಡಂ ಅದನ್ನು ಬರೆದುಕೊಂಡರು.