ಸಾಹೇಬರ ರೈಲು ಕೊಂಡಿ, ನನ್ನ ಹನ್ನೆರಡು ಪುಟ

ಬೇರೆ ವಕೀಲರಿಗೆ ಜಮೀನು, ಜಗಳ, ಜಾಮೀನು ಅಂತ ಮರ್ಯಾದಸ್ಥ ಕೇಸುಗಳು ಸಿಗ್ತವೆ. ರಾಮನಗರದ ನನ್ನ ಕಚೇರಿಯನ್ನ ಮಾತ್ರ ವಿಚಿತ್ರಗಳೇ ವಿಳಾಸ ಕೇಳ್ಕೊಂಡು ಬರ್ತವೆ. ‘ಪೇಟೆಂಟ್ ಕೆಲಸವನ್ನೂ ಮಾಡಿಕೊಡಲಾಗುವುದು’ ಅಂತ ಬೋರ್ಡಿನ ಮೂಲೆಯಲ್ಲಿ ಬರೆಸಿದ್ದೇ ತಪ್ಪಾಯ್ತೋ ಏನೋ.

ಎರಡು ಕಡೆ ಬೇಕಲ್ಲ

ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡೋ ಸಾಹೇಬರೊಬ್ಬರು ಒಂದು ಪುಟ್ಟ ಕೊಂಡಿ ಕಂಡುಹಿಡಿದಿದ್ದರು. ಆಟದ ರೈಲಿನ ಬೋಗಿಗಳನ್ನ ಅದರಿಂದ ಜೋಡಿಸಬಹುದು. ಮೊಳೆ ಬೇಡ, ಅಂಟು ಬೇಡ, ತಳ್ಳಿ ತಿರುಗಿಸಿದರೆ ಸಾಕು. ಪೇಟೆಂಟೂ ಸಿಕ್ಕಿತ್ತು. ಸಿಕ್ಕ ಮೇಲೆ ನನ್ನ ಮುಂದೆ ಬಂದು ಕೂತು, “ಇದನ್ನ ಎಲ್ಲರಿಗೂ ಪುಕ್ಕಟೆ ಕೊಡ್ಬೇಕು ವಕೀಲ್ ಸಾಬ್” ಅಂದರು.

“ಮತ್ತೆ ಪೇಟೆಂಟ್ ಯಾಕೆ ಮಾಡಿಸಿದ್ರಿ?”

“ಹೊರಗಿನೋರು ಯಾರಾದ್ರೂ ಮಾಡಿಸ್ಕೊಂಡು ನಮಗೇ ಬಾಗಿಲು ಹಾಕಬಾರ್ದಲ್ಲ!”

ವಿಷಯ ಏನಂದ್ರೆ, ಅವರ ಬೀದಿ ತುಂಬಾ ಬೊಂಬೆ ಅಂಗಡಿಗಳೇ; ಒಬ್ಬೊಬ್ಬರ ರೈಲಿಗೆ ಒಂದೊಂದು ಥರ ಕೊಂಡಿ. ಈ ಅಂಗಡಿ ಬೋಗಿ ಆ ಅಂಗಡಿ ಇಂಜಿನ್‌ಗೆ ಸೇರಲ್ಲ. ಎಲ್ಲರದ್ದೂ ಸೇರೋ ಹಾಗಿದ್ರೆ ಬೀದಿಗೆಲ್ಲ ಆರ್ಡರ್ ಕೊಡ್ತೀನಿ, ಇಲ್ಲಾಂದ್ರೆ ಪ್ಲಾಸ್ಟಿಕ್ ರೈಲು ತಗೋತೀನಿ ಅಂತ ದೊಡ್ಡ ವ್ಯಾಪಾರಿಯೊಬ್ಬರು ಹೇಳಿ ಹೋಗಿದ್ದರು. ಆ ಬೀದಿಯಲ್ಲಿ ಆಗಲೇ ಮರ ಕಡೆಯೋ ಅರ್ಧ ಲೇತ್‌ಗಳು ಸುಮ್ಮನೆ ನಿಂತಿದ್ದವು.

“ನಿಮ್ಮ ಒಬ್ಬರ ಹತ್ರಾನೇ ಇಟ್ಕೊಂಡ್ರೆ ಒಳ್ಳೇ ಲಾಭ ಬರುತ್ತಲ್ಲ?” ಅಂತ ಕೆಣಕಿದೆ.

ಸಾಹೇಬರು ನನ್ನನ್ನ ಅಯ್ಯೋ ಪಾಪ ಅನ್ನೋ ಹಾಗೆ ನೋಡಿದರು. “ಕೊಂಡಿ ಅಂದ್ಮೇಲೆ ಎರಡು ಕಡೆ ಬೇಕಲ್ಲ ಸ್ವಾಮಿ!”

ಹನ್ನೆರಡು ಪುಟ

ಕೂತು ಬರೆದೆ ನೋಡಿ ಪರವಾನಗಿ ಪತ್ರ, ಹನ್ನೆರಡು ಪುಟ! ನನಗೇ ನನ್ನ ಮೇಲೆ ಹೆಮ್ಮೆ ಬಂತು. ಸಾಹೇಬರ ಎದುರಂಗಡಿ ಯಜಮಾನನಿಗೆ ಒಯ್ದು ಕೊಟ್ಟೆ. ವಿರೂಪಾಕ್ಷಿಪುರದ ಕಡೆಯವನು; ಊರಲ್ಲಿ ಹಸು, ಇಲ್ಲಿ ಎರಡು ಲೇತ್. ಅವನು ಪತ್ರ ಓದಲಿಲ್ಲ, ಅಂಗೈಲಿಟ್ಟು ತೂಗಿದ.

“ಪುಕ್ಕಟೆ ಅಂತೀರಿ, ಇಷ್ಟು ದಪ್ಪ ಐತಲ್ಲ ಸಾ? ನಮ್ಮಪ್ಪ ನಂಗೆ ಜಮೀನು ಬರ್ಕೊಟ್ಟಿದ್ದು ಎರಡೇ ಹಾಳೇಲಿ. ಅದ್ಕೇ ಮೂರು ಕೇಸು ನಡೀತಾವೆ. ಇದ್ಕೆ ಎಷ್ಟು ನಡೀಬೇಕು, ನೀವೇ ಹೇಳಿ!”

ಮದುವೆ ಉಡುಗೊರೆ

ಹಲ್ಲು ಕಚ್ಚಿಕೊಂಡು ಎರಡು ಪುಟಕ್ಕೆ ಇಳಿಸಿದೆ. ಈ ಸಲ ಸಾಹೇಬರೇ ಓದಿದರು. ಕೊನೇ ಸಾಲಿಗೆ ಬಂದು ನಿಂತರು.

“ಇದೇನು, ‘ಯಾವಾಗ ಬೇಕಾದರೂ ಹಿಂಪಡೆಯಬಹುದು’?”

“ಎಲ್ಲರೂ ಹಾಗೇ ಬರೀತಾರೆ. ರೂಢಿ.”

“ನೀವು ಮದುವೆಗೆ ಉಡುಗೊರೆ ಕೊಡೋವಾಗ್ಲೂ ಹೀಗೇ ಬರೆದು ಕೊಡ್ತೀರಾ?”

ಪೆನ್ನು ತಗೊಂಡು ಆ ಸಾಲನ್ನ ಹೊಡೆದು ಹಾಕಿದೆ.

ನಾಲ್ಕು ಸಾಲು

ಕೊನೆಗೆ ಸಾಹೇಬರು ಹೇಳಿದರು, ನಾನು ಬರೆದೆ: ‘ಈ ಕೊಂಡಿಯನ್ನು ಯಾರು ಬೇಕಾದರೂ ಮಾಡಿ ಮಾರಬಹುದು. ನನ್ನನ್ನು ಕೇಳಬೇಕಾಗಿಲ್ಲ, ದುಡ್ಡು ಕೊಡಬೇಕಾಗಿಲ್ಲ. ಕೊಟ್ಟದ್ದನ್ನು ನಾನಾಗಲಿ ನನ್ನ ಮಕ್ಕಳಾಗಲಿ ವಾಪಸ್ ಕೇಳುವುದಿಲ್ಲ. ಇದನ್ನು ಸುಧಾರಿಸಿದವರು ಇನ್ನೊಬ್ಬರನ್ನು ತಡೆಯಬಾರದು.’ ಕೆಳಗೆ ಕೊಂಡಿಯ ಚಿತ್ರ, ಅಳತೆ. ಅಷ್ಟೇ. ಸಾಹೇಬರ ಮನೆಯ ಬೀದಿ ಬಾಗಿಲಿಗೆ ಅಂಟಿಸಿದೆವು.

ಮಾರನೇ ದಿನ ಹೋಗಿ ನೋಡ್ತೀನಿ, ಸಾಹೇಬರ ಮನೆ ತುಂಬಾ ಜನ, ಎಲ್ಲರ ಕೈಲೂ ಟೀ. ಎಲ್ಲರೂ ಅಪ್ಪಣೆ ಕೇಳೋಕೆ ಬಂದೋರೇ!

“ಕೇಳಬೇಕಾಗಿಲ್ಲ ಅಂತ ಬರೆದಿದೆಯಲ್ರೀ!” ಅಂತ ರೇಗಿದೆ.

“ಬರ್ದೈತೆ ಸಾ” ಅಂದ ಎದುರಂಗಡಿ ಯಜಮಾನ. “ಹಂಗಂತ ದೊಡ್ಡೋರ ವಸ್ತುನ ಒಂದ್ಮಾತು ಕೇಳ್ದೆ ಎತ್ಕೊಂಡು ಹೋಗಾಕಾಯ್ತದಾ?”

ಐದನೇ ಸಾಲು

ದಿನಾ ಬಂದು ಕೇಳಿದರು, ಟೀ ಕುಡಿದರು, ತಲೆಯಾಡಿಸಿದರು, ಹೋದರು. ಕೊಂಡಿ ಮಾತ್ರ ಒಬ್ಬನೂ ಮಾಡಲಿಲ್ಲ! ವ್ಯಾಪಾರಿ ಮತ್ತೆ ಬರೋಕೆ ಒಂದೇ ವಾರ ಇತ್ತು. ಸಾಹೇಬರ ಮುಖ ಬಾಡಿಹೋಯ್ತು. ನನಗೂ ಸಂಕಟ. ಸಾಹೇಬರ ಮನೇಲಿ ಟೀ ಕುಡೀತಿದ್ದ ಎದುರಂಗಡಿಯವನನ್ನ ಹಿಡಿದು ಕೇಳಿದರೆ, “ಒಂದು ಷರತ್ತೂ ಇಲ್ದೆ ಯಾರ್ ಸಾ ಕೊಡ್ತಾರೆ? ಒಳಗೇನೋ ಐತೆ” ಅಂದ.

ಅಷ್ಟರಲ್ಲಿ ಅಡುಗೆಮನೆಯಿಂದ ಸಾಹೇಬರ ಬೀಬಿ ಖಾಲಿ ಪಾತ್ರೆ ಹಿಡ್ಕೊಂಡು ಹೊರಗೆ ಬಂದರು. “ವಕೀಲ್ ಸಾಬ್, ಟೀ ಕಾಸಿ ಕಾಸಿ ನನ್ನ ಕೈ ಬಿದ್ದೋಯ್ತು. ಇನ್ನೊಂದು ಸಾಲು ಬರೀರಿ. ಕೊಂಡಿ ಪುಕ್ಕಟೆ. ಆದ್ರೆ ಕೇಳೋಕೆ ಬರೋರು ಹಾಲು ತರ್ಬೇಕು!”

ಕೋಪದಲ್ಲಿ ಹೇಳಿದ್ದು. ನಾನೂ ತಲೆ ಕೆಟ್ಟು ಹಾಗೇ ಬರೆದು ಅಂಟಿಸಿಬಿಟ್ಟೆ.

ಎದುರಂಗಡಿಯವನು ಓದಿದ. ಇನ್ನೊಂದು ಸಲ ಓದಿದ. ಮುಖ ಅರಳಿತು. “ಹಾಂ! ಈಗ ನಂಬಬೋದು ನೋಡಿ. ಷರತ್ತು ಐತೆ!” ಸಂಜೆಗೆ ಊರಿಂದ ಒಂದು ಕ್ಯಾನ್ ಹಾಲು ತಂದ, ರಾತ್ರಿಗೆ ಅವನ ಲೇತ್ ಶುರುವಾಯ್ತು. ಅವನ ಹಿಂದೆ ಬೀದಿಗೆ ಬೀದಿಯೇ ಹಾಲು ತಂತು.

ವ್ಯಾಪಾರಿ ಬಂದ ದಿನ ಸಾಹೇಬರ ಜಗಲಿ ಮೇಲೆ ಇಂಜಿನ್ ಇಟ್ಟರು. ಒಬ್ಬೊಬ್ಬರೂ ತಮ್ಮ ಬೋಗಿ ತಂದು ತಳ್ಳಿ ತಿರುಗಿಸಿದರು. ಒಂದೂ ಕೈ ಕೊಡಲಿಲ್ಲ. ರೈಲು ಜಗಲಿ ಇಳಿದು ಬೀದಿಗೆ ಬಂತು. ಸಾಹೇಬರು ಟೋಪಿ ಸರಿಮಾಡಿಕೊಳ್ಳೋ ನೆಪದಲ್ಲಿ ಕಣ್ಣು ಒರೆಸಿಕೊಂಡರು. ಸುಳ್ಳು ಯಾಕೆ ಹೇಳಲಿ, ನಾನೂ ಒರೆಸಿಕೊಂಡೆ.

ವ್ಯಾಪಾರಿ ಅಲ್ಲೇ ಆರ್ಡರ್ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಇದೇ ಕೊಂಡಿ ಇಟ್ಟು ಸೇತುವೆ, ಸ್ಟೇಷನ್ನು ಎಲ್ಲಾ ಮಾಡಿಸೋಣ ಅಂತಿದ್ದೀನಿ. ಅದಕ್ಕೆ ಪರವಾನಗಿ ಯಾರನ್ನ ಕೇಳ್ಬೇಕು?” ಅಂದರು.

ವಕೀಲ ನಾನು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಇಡೀ ಬೀದಿ ಒಂದೇ ಉಸಿರಿಗೆ ಕೇಳಿತು:

“ಹಾಲು ತಂದಿದ್ದೀರಾ?”