ನಾಮಿನಿ ಹುಡುಕಿ ಹೊರಟ ಮಾವ

ಸಾಯುವುದಕ್ಕೆ ನನ್ನ ಸೋದರಮಾವನಷ್ಟು ಮುತುವರ್ಜಿಯಿಂದ ತಯಾರಿ ನಡೆಸಿದವರನ್ನು ನಾನಂತೂ ನೋಡಿಲ್ಲ! ಗಾಬರಿಯಾಗಬೇಡಿ, ಕಾಯಿಲೆ ಏನೂ ಇರಲಿಲ್ಲ. ಕಾರವಾರದ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡಿಕೊಂಡು, ಮದುವೆಯಿಲ್ಲದೆ ಹಬ್ಬುವಾಡದಲ್ಲಿ ಒಬ್ಬನೇ ಇರುವ ಗಟ್ಟಿ ಆಳು. ಐವತ್ತು ದಾಟಿದ ಮೇಲೆ ಒಮ್ಮೆಲೇ ಜೀವವಿಮೆಯ ಹುಚ್ಚು ಹತ್ತಿತು. ಜೊತೆಯವರೆಲ್ಲ ಮಾಡಿಸಿದ್ದರಂತೆ. ತಾನೇನು ಕಡಿಮೆ?

ಆದರೆ ನಾಮಿನಿ ಬೇಕಲ್ಲ! ತಾನು ಸತ್ತರೆ ಹಣ ಯಾರಿಗೆ ಸೇರಬೇಕು? ಮಾವ ನೆಂಟರ ಪರೀಕ್ಷೆಗೆ ಹೊರಟ. ಮೊದಲು ಶಿರವಾಡದ ನನ್ನ ಅಕ್ಕನ ಮನೆ. ಊಟಕ್ಕೆ ಕೂತವನೇ ಕೇಳಿದ:

"ನಾ ಸತ್ರೆ ನೀ ಅಳ್ತ್ಯಾ?"

"ಅಳ್ತೆ ಮಾವ. ಮೊದ್ಲು ಉಣ್ಣು, ಬಂಗಡೆ ಸಾರು ತಣೀತದೆ."

ಅಕ್ಕ ಫೇಲು! ಸಾವಿಗಿಂತ ಸಾರು ದೊಡ್ಡದಾಯಿತಂತೆ. ರಾಮನಗುಳಿಯಲ್ಲಿರುವ ನನ್ನ ತಮ್ಮನನ್ನು ಕೇಳಿದರೆ, ಆತ ಕೂಡಲೇ ಕಣ್ಣೊರೆಸಿಕೊಂಡ. ಅವನೂ ಫೇಲು! "ಈಗ್ಲೇ ಸುರು ಮಾಡ್ದ! ನಾ ಬದುಕಿದ್ದದ್ದೇ ಅವ್ನಿಗೆ ನೆನಪಿಲ್ಲ!" ಎಂದ ಮಾವ.

ಕೊನೆಗೆ ಅಂಕೋಲೆಯ ನನ್ನ ಮನೆಗೆ ಬಂದ. ನನಗೂ ಒಂದು ಪಾಲಿಸಿ ಬೇಕಿತ್ತೆಂದು ಆ ದಿನ ನಾನೇ ವಿಮೆಯ ಏಜೆಂಟ್ ಹೆಂಗಸೊಬ್ಬರನ್ನು ಕರೆಸಿದ್ದೆ. ಅವರು ಮಾವನನ್ನು ಕೇಳಿದರು, "ನಿಮ್ಮ ದುಡಿಮೆ ನಂಬ್ಕಂಡವ್ರು ಯಾರಿದ್ದಾರೆ?"

"ಪಕ್ಕದ್ಮನೆ ಕೋಳಿ ಅದೆ. ಬೆಳಿಗ್ಗೆ ತಿಂಡಿ ನಮ್ಮಲ್ಲೇ."

ನಾನು ನಕ್ಕೆ. ಆಕೆ ನಗಲಿಲ್ಲ. "ಹಂಗಾರೆ ನಿಮ್ಗೆ ಇದು ಬೇಡ. ನಮ್ಮನ್ನ ನಂಬಿದವ್ರು ಬೀದಿಗೆ ಬೀಳಬಾರ್ದು ಅಂತ ಮಾಡ್ಸೂದು. ಯಾರೂ ಇಲ್ದಿದ್ರೆ ಕಂತು ಯಾಕೆ ಕಟ್ಟೂದು?"

ಪ್ರಾಮಾಣಿಕ ಹೆಂಗಸು, ಸರಿಯಾದ್ದನ್ನೇ ಹೇಳಿದರು. ಮಾವ ಎದ್ದ. ಚಹಾ ಕುಡಿದ ಕಪ್ಪನ್ನು ತಾನೇ ತೊಳೆದು ಬೋರಲು ಹಾಕಿದ. ಒಬ್ಬರೇ ಇರುವವರಿಗೆ ಅದು ರೂಢಿ. ನನಗೂ ಈಚೆಗೆ ಆಗಿದೆ.

ನನ್ನ ಸರದಿ ಬಂತು. ಗಂಡ ತೀರಿಕೊಂಡ ಮೇಲೆ ಏಳು ವರ್ಷದ ಮಗಳಿಗೆ ನಾನೊಬ್ಬಳೇ. ಟರ್ಮ್ ಪಾಲಿಸಿ ಸಾಕು ಎಂದರು ಏಜೆಂಟ್; ನಾನು ಬದುಕಿದರೆ ಏನೂ ವಾಪಸಿಲ್ಲ, ಹೋದರೆ ಮಗಳಿಗೆ ದೊಡ್ಡ ಆಸರೆ. "ಆದ್ರೆ ಮಗು ಸಣ್ಣದು. ಹದಿನೆಂಟಾಗೂವರೆಗೆ ಅವಳ ಪರವಾಗಿ ಹಣ ತಗಳೂಕೆ ನಂಬಿಕಸ್ಥರು ಒಬ್ರು ಬೇಕು. ಯಾರು?"

ಮಾವ ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತಿದ್ದ. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ.

"ಮಾವ," ಎಂದೆ.

"ನಾನಾ?" ಅವನು ತಿರುಗಿದ. "ನಾ ಮೊದ್ಲೇ ಸತ್ರೆ?"

"ಸಾಯೂಕಿಲ್ಲ ಮಾವ. ಅವ್ಳು ದೊಡ್ಡವಳಾಗೂವರೆಗೆ ನೀ ಇರ್ಬೇಕು."

ಮಾವ ಒಂದು ಹೆಜ್ಜೆ ಹೊಸ್ತಿಲ ಕಡೆ ಬಂದ. ಆಮೇಲೆ ಬಹಳ ಮೆಲ್ಲಗೆ, "ಇನ್ನೊಂದ್ಸಲ ಹೇಳು," ಎಂದ.

"ನೀ ಇರ್ಬೇಕು ಮಾವ."

ಮಾವ ಚಪ್ಪಲಿ ಕಳಚಿ ಒಳಗೆ ಬಂದ. ಮೂಲೆಯಲ್ಲಿ ಬಣ್ಣ ಹಚ್ಚುತ್ತಿದ್ದ ನನ್ನ ಮಗಳ ಪಕ್ಕ ನೆಲದ ಮೇಲೆ ಕೂತು ಕೇಳಿದ, "ನಿಂಗೆ ಯಾವ ಮೀನು ಸೇರ್ತದೆ, ಮಗಾ? ಬಂದರಿಂದ ನಾ ತರ್ತೆ."